ಜಾತ್ರೆಯ ಮಳಿಗೆಯಲ್ಲಿ ಸ್ಕ್ಯಾನರ್ ಇಟ್ಟರೆ ಜಿಎಸ್‌ಟಿ ಕಟ್ಟಬೇಕೇ?

‘ಫೋನ್‌ಪೇ, ಗೂಗಲ್ ಪೇ ತಗೊಂಡ್ರೆ ಜಿಎಸ್‌ಟಿ ನೋಟಿಸ್ ಬರುತ್ತೆ, ಕ್ಯಾಶ್ ಮಾತ್ರ ಇಸ್ಕೊಳ್ಳಿ’ ಎಂಬರ್ಥದ ಸಂದೇಶಗಳು ಸಣ್ಣ ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಸೋಂದಾದ ತೇರಿಗೋ ಶಿರಸಿಯ ಮಾರಿಕಾಂಬಾ ಜಾತ್ರೆಗೋ ಬೆತ್ತದ ಬುಟ್ಟಿ, ಕೆತ್ತನೆಯ ಗಣಪತಿ, ಹಲಸಿನ ಹಪ್ಪಳ ಒಯ್ಯುವವರಿಗೆ ಇದು ಸಣ್ಣ ಮಾತಲ್ಲ. ಈಗಿನ ಗಿರಾಕಿಗಳ ಕಿಸೆಯಲ್ಲಿ ನೋಟು ಕಡಿಮೆ. ಸ್ಕ್ಯಾನರ್ ಇಲ್ಲ ಎಂದರೆ ಪಕ್ಕದ ಮಳಿಗೆಗೆ ನಡೆಯುತ್ತಾರೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಪಕ್ಕದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ಕಟ್ಟುವಂತೆ ಹೇಳಿದ್ದು ದೇಶವಿಡೀ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ ‘ನೋ ಯುಪಿಐ’ ಚೀಟಿಗಳು ಅಂಟಿಕೊಂಡವು. ಬಳಿಕ ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ಕರೆದು, ತೆರಿಗೆ ವಿನಾಯಿತಿ ಇರುವ ವಸ್ತು ಮಾರುವವರಿಂದ ವಸೂಲಿ ಮಾಡುವುದಿಲ್ಲ ಎಂದು ಭರವಸೆ ಕೊಟ್ಟರು.

ಕಾನೂನು ನೋಡುವುದು ದುಡ್ಡು ಯಾವ ದಾರಿಯಲ್ಲಿ ಬಂತು ಎಂಬುದನ್ನಲ್ಲ, ವರ್ಷಕ್ಕೆ ಒಟ್ಟು ಎಷ್ಟು ಮಾರಾಟವಾಯಿತು ಎಂಬುದನ್ನು. ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ಈ ಮಿತಿ 40 ಲಕ್ಷ ರೂಪಾಯಿ. 2019ರ ಏಪ್ರಿಲ್ 1ರಿಂದ ಹೀಗಿದೆ. ಅಂದರೆ ವರ್ಷದ 365 ದಿನವೂ ದಿನಕ್ಕೆ ಸುಮಾರು 11 ಸಾವಿರ ರೂಪಾಯಿ ವ್ಯಾಪಾರ. ಒಂಬತ್ತು ದಿನದ ಜಾತ್ರೆಯಲ್ಲಿ ಬುಟ್ಟಿ ಮಾರಿ ಯಾರೂ ಅಲ್ಲಿಗೆ ಮುಟ್ಟುವುದಿಲ್ಲ ಬಿಡಿ. ಶಿರಸಿ, ಯಲ್ಲಾಪುರ, ಸಿದ್ದಾಪುರ ಮೂರೂ ಕಡೆ ಮಳಿಗೆ ಹಾಕಿದರೂ ಒಂದು ಪ್ಯಾನ್‌ ಕಾರ್ಡಿಗೆ ಒಂದೇ ಲೆಕ್ಕ. ಲಾಭವಲ್ಲ, ಮಾರಾಟದ ಮೊತ್ತ. ನಗದೂ ಅದರಲ್ಲಿ ಸೇರುತ್ತದೆ. ಜತೆಗೆ ಬುಟ್ಟಿ ಹೆಣೆಯಲು ಕಲಿಸಿ ಶುಲ್ಕ ಪಡೆಯುತ್ತಿದ್ದರೆ ಅದು ಸೇವೆ, ಆಗ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು.

ಹಪ್ಪಳದ ಕತೆಯೇ ಬೇರೆ. ಅದಕ್ಕೆ ಜಿಎಸ್‌ಟಿ ಸೊನ್ನೆ. 2021ರಲ್ಲಿ ‘ದುಂಡಗಿನ ಹಪ್ಪಳಕ್ಕೆ ತೆರಿಗೆ ಇಲ್ಲ, ಚೌಕದ್ದಕ್ಕೆ ಇದೆ’ ಎಂಬ ಮಾತು ಟ್ವಿಟರ್‌ನಲ್ಲಿ ಹಬ್ಬಿದಾಗ, ಆಕಾರ ಯಾವುದಾದರೂ ತೆರಿಗೆ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯೇ ಹೇಳಬೇಕಾಯಿತು. ಹಪ್ಪಳ ಮಾತ್ರ ಮಾರುವವರು ಎಷ್ಟೇ ಮಾರಲಿ, ನೋಂದಣಿ ಬೇಡ. ಆದರೆ ಹಪ್ಪಳದ ಜತೆ ಕೆತ್ತನೆ ಗೊಂಬೆಯನ್ನೂ ಮಾರಿದರೆ 40 ಲಕ್ಷದ ಲೆಕ್ಕಕ್ಕೆ ಎರಡೂ ಸೇರುತ್ತವೆ. ಬಹುತೇಕ ಕರಕುಶಲ ವಸ್ತುಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 12ರ ಬದಲು ಶೇ 5 ಆಗಿದೆ, ಅದು ನೋಂದಣಿ ಆದವರಿಗೆ.

ನಿಜಕ್ಕೂ ಎಚ್ಚರ ಬೇಕಿರುವುದು ಗಡಿ ದಾಟುವಾಗ. ಗೋವಾದ ಮೇಳಕ್ಕೋ ದಿಲ್ಲಿ ಹಾಟ್‌ಗೋ ಹೋಗಿ ಮಾರಿದರೆ ಕಾನೂನಿನ ಕಣ್ಣಿಗೆ ನೀವು ಅಲ್ಲಿ ತಾತ್ಕಾಲಿಕ ವ್ಯಾಪಾರಿ. ಇಂಥವರು ಮಿತಿ ನೋಡದೆ ಮೊದಲೇ ನೋಂದಣಿ ಮಾಡಿಸಿ, ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಕರಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಇದೆ: ಸರ್ಕಾರದ ಪಟ್ಟಿಯಲ್ಲಿರುವ, ಹೆಚ್ಚಾಗಿ ಕೈಯಿಂದಲೇ ಮಾಡಿದ ವಸ್ತುವಾಗಿರಬೇಕು, ದೇಶದಾದ್ಯಂತದ ಮಾರಾಟ 20 ಲಕ್ಷ ಮೀರಬಾರದು, ಪ್ಯಾನ್ ಇರಬೇಕು. ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ. ಸರಕಿನ ಬೆಲೆ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಬೇಕು. ನೋಂದಣಿ ಇಲ್ಲದವರೂ ಅದರ ಜಾಲತಾಣದಲ್ಲಿ ನಾಗರಿಕರಿಗಾಗಿ ಇರುವ ಆಯ್ಕೆಯಿಂದ ಅದನ್ನು ಪಡೆಯಬಹುದು.

ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ‘ಜಿಎಸ್‌ಟಿ ಶೇ 5’ ಎಂದು ಬರೆದು ಗಿರಾಕಿಯಿಂದ ವಸೂಲು ಮಾಡುವುದು ಮಾತ್ರ ಅಪರಾಧ. ಹಾಗೆಯೇ ಜಾತ್ರೆಯಲ್ಲಿ ಕೇಳುವ ನೆಲಬಾಡಿಗೆ ನಿಮ್ಮ ಮಾರಾಟದ ಜಿಎಸ್‌ಟಿ ಅಲ್ಲ. ಅದನ್ನು ಕಟ್ಟಿದ ಚೀಟಿ ತೋರಿಸಿ ‘ತೆರಿಗೆ ಕಟ್ಟಿದ್ದೇನೆ’ ಎನ್ನಲಾಗದು.

ಸ್ಕ್ಯಾನರ್‌ನಿಂದ ಆಗುವ ತೊಂದರೆ ಒಂದೇ ಅನ್ನಿಸುತ್ತದೆ ನಮಗೆ. ಸ್ವಸಹಾಯ ಸಂಘದ ಹತ್ತು ಜನರ ವ್ಯಾಪಾರದ ದುಡ್ಡು ಒಬ್ಬರ ಉಳಿತಾಯ ಖಾತೆಗೆ ಬೀಳುವುದು. ಇಲಾಖೆಯ ಕಂಪ್ಯೂಟರಿಗೆ ಅದೆಲ್ಲ ಅವರೊಬ್ಬರ ಮಾರಾಟದಂತೆ ಕಾಣುತ್ತದೆ. ಮಗ ಕಳಿಸಿದ ಖರ್ಚಿನ ದುಡ್ಡು, ನೆಂಟರು ತೀರಿಸಿದ ಕೈಗಡವೂ ಅದರಲ್ಲೇ ಬೆರೆತಿರುತ್ತದೆ. ಸಂಘದ ಖಾತೆಗೇ ಕ್ಯೂಆರ್ ಕೋಡ್ ಮಾಡಿಸಿ, ಯಾರ ಸಾಮಾನು ಎಷ್ಟು ಹೋಯಿತೆಂದು ಪಟ್ಟಿಯಲ್ಲಿ ದಿನಾ ಬರೆದಿಡಿ. ನೋಟಿಸ್ ಬಂದರೆ ಅದು ತೆರಿಗೆ ಆದೇಶವಲ್ಲ, ವಿವರ ಕೇಳುವ ಪತ್ರವಿರಬಹುದು. ಅದರಲ್ಲಿ ಕೊಟ್ಟ ಗಡುವಿನೊಳಗೆ ಆ ಪಟ್ಟಿಯ ಪ್ರತಿಯೊಂದಿಗೆ ಉತ್ತರ ಕೊಡಿ.