ಸಾವಿರ ಪಣ ದಂಡ

ಸ್ಪರ್ಧಾ ಕಾನೂನನ್ನೂ ಗ್ರಾಹಕ ಕಾನೂನನ್ನೂ ಸ್ನಾತಕೋತ್ತರ ತರಗತಿಗಳಲ್ಲಿ ವ್ಯಾಸಂಗ ಮಾಡುವವರು ಸಾಮಾನ್ಯವಾಗಿ 1890ರ ಅಮೆರಿಕದ ಷರ್ಮನ್ ಕಾಯಿದೆಯಿಂದ ಚರಿತ್ರೆಯನ್ನು ತೊಡಗುತ್ತಾರೆ. ಆ ಕಾಯಿದೆಯ ಬಲದಿಂದಲೇ 1911ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಎಂಬ ದೈತ್ಯ ಕಂಪನಿ ಒಡೆಯಿತು. ಆದರೆ ಕನ್ನಡಿಗರಾದ ನಾವು ಇನ್ನೂ ಹಿಂದಿನ ಗ್ರಂಥವೊಂದನ್ನು ನೆನೆಯಬೇಕು.

ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ತಾಳೆಗರಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದರು. ವರ್ತಕರು ಒಟ್ಟುಗೂಡಿ ಸರಕನ್ನು ತಡೆಹಿಡಿದರೆ, ಇಲ್ಲವೆ ಸಲ್ಲದ ಬೆಲೆಗೆ ಮಾರಿದರೆ, ಸಾವಿರ ಪಣ ದಂಡವೆನ್ನುತ್ತದೆ ಅದು. ತೂಕ, ಅಳತೆಗಳ ಮೋಸಕ್ಕೂ ಅಲ್ಲಿ ಶಿಕ್ಷೆಯುಂಟು.

ಇಷ್ಟಕ್ಕೇ ನಾವು ಬೀಗುವಂತಿಲ್ಲ. ಅದೇ ಗ್ರಂಥದಲ್ಲಿ ಗಣಿಯೂ ಉಪ್ಪೂ ರಾಜನ ಹಿಡಿತದಲ್ಲಿವೆ. ದಂಡ ವಿಧಿಸುವ ದೊರೆಯೇ ಎಲ್ಲರಿಗಿಂತ ದೊಡ್ಡ ವರ್ತಕ, ಅವನನ್ನು ಕೇಳುವವರಾರು?

ನಮ್ಮ 1969ರ ಏಕಸ್ವಾಮ್ಯ ಕಾಯಿದೆಯೂ ಸರ್ಕಾರಿ ಉದ್ಯಮಗಳನ್ನು 1991ರವರೆಗೆ ಹೊರಗಿಟ್ಟಿತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಕೊಳ್ಳುವವನ ದೂರಿಗೆಂದೇ ವೇದಿಕೆಗಳನ್ನು ತೆರೆಯಿತು. 2002ರ ಸ್ಪರ್ಧಾ ಕಾಯಿದೆ, ಸಾರ್ವಭೌಮ ಕಾರ್ಯಗಳನ್ನುಳಿದು, ಸರ್ಕಾರದ ವ್ಯಾಪಾರವನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು.

ಈ ಕಾನೂನನ್ನು ಓದುವ ತರುಣರು ಕಲಮುಗಳೊಡನೆ ಹಳೆಯ ಪ್ರಶ್ನೆಯೊಂದನ್ನೂ ಓದಲಿ: ದಂಡ ಹಿಡಿದ ಕೈಯೇ ತಕ್ಕಡಿಯನ್ನೂ ಹಿಡಿದರೆ, ಕೊಳ್ಳುವವನು ಯಾರ ಬಳಿಗೆ ಹೋಗಬೇಕು?