ಮೊದಲು ಅದುರಿದ್ದು ಯಾವ ಕೈ?

ನಮ್ಮೂರ ಕಡೆ ಯಾರಿಗಾದರೂ ಫಿಟ್ಸ್ ಬಂದರೆ ಜನ ಮೊದಲು ಹುಡುಕುವುದು ಬೀಗದ ಕೈ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಅಂತ ನಂಬಿಕೆ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಾವೂ ಕೀ ಗೊಂಚಲು ಹಿಡಿದು ಓಡಿದವರೇ. (ಕಬ್ಬಿಣದಿಂದ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಅದು ತಾನಾಗೇ ನಿಲ್ಲುತ್ತದೆ. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹಾಕಬೇಡಿ. 5 ನಿಮಿಷ ಮೀರಿದರೆ ಆಸ್ಪತ್ರೆಗೆ ಕರೆದೊಯ್ಯಿರಿ.) ಆ ಗಡಿಬಿಡಿಯಲ್ಲಿ ಒಂದನ್ನು ಮಾತ್ರ ಯಾರೂ ಗಮನಿಸಿರುವುದಿಲ್ಲ. ಮೊದಲು ಅದುರಿದ್ದು ಯಾವ ಕೈ?

ಸುಮಾರು 150 ವರ್ಷದ ಹಿಂದೆ ಲಂಡನ್ನಿನ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯರು ಇದನ್ನೇ ಕೂತು ಗಮನಿಸಿದರು. ಕೆಲವರಿಗೆ ನಡುಕ ಹೆಬ್ಬೆರಳಿನಲ್ಲಿ ಶುರುವಾಗಿ ಅಂಗೈ, ತೋಳು, ಮುಖಕ್ಕೆ ಏರುತ್ತಿತ್ತು. ಬಣವೆಯ ಒಂದು ಮೂಲೆಗೆ ಬಿದ್ದ ಕಿಡಿ ಪೂರ್ತಿ ಹಬ್ಬುವ ಹಾಗೆ, ಮೆದುಳಿನ ಒಂದು ಜಾಗದಲ್ಲಿ ಹುಟ್ಟಿದ್ದು ಸುತ್ತಲೂ ಹರಡುತ್ತಿದೆ ಎಂದು ಅವರು ಲೆಕ್ಕ ಹಾಕಿದರು.

1886ರಲ್ಲಿ ಶಸ್ತ್ರಚಿಕಿತ್ಸಕ ವಿಕ್ಟರ್ ಹಾರ್ಸ್ಲಿ ಆ ಲೆಕ್ಕವನ್ನು ನಂಬಿ ತಲೆಬುರುಡೆ ತೆರೆದರು. ಅವರ ರೋಗಿಗಳಲ್ಲಿ ಒಬ್ಬನಿಗೆ ಫಿಟ್ಸ್ ಹೆಬ್ಬೆರಳಿನಿಂದ ಶುರುವಾಗುತ್ತಿತ್ತು. ಹೆಬ್ಬೆರಳನ್ನು ಆಳುವ ಜಾಗ ಮೆದುಳಿನ ಎದುರು ಮಗ್ಗುಲಲ್ಲಿ ಎಲ್ಲಿದೆಯೆಂದು ಅಳೆದು ತೆರೆದಾಗ ಅಲ್ಲೇ ಟಿ.ಬಿ. ಗಡ್ಡೆ ಸಿಕ್ಕಿತು. ಒಂದೇ ಒಂದು ಫೋಟೋ ಇರಲಿಲ್ಲ. ಎಕ್ಸ್‌ರೇ ಬಂದದ್ದೇ 1895ರಲ್ಲಿ.

ಎಕ್ಸ್‌ರೇಗೂ ಬುರುಡೆ ಕಾಣುತ್ತಿತ್ತು, ಒಳಗಿನ ಮೆದುಳು ಕಾಣುತ್ತಿರಲಿಲ್ಲ. 1919ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ಗಾಳಿ ತುಂಬುವ ಉಪಾಯ ಹೇಳಿದರು. ಗಾಳಿ ಮೇಲೇರಿ ಮೆದುಳಿನ ಒಳಗಿನ ಪೊಳ್ಳುಗಳ ನೆರಳು ಎಕ್ಸ್‌ರೇಯಲ್ಲಿ ಮೂಡುತ್ತಿತ್ತು. ರೋಗಿಗೆ ತಲೆ ಸಿಡಿಯುವ ನೋವು, ವಾಂತಿ. ಸುಮಾರು ಅರ್ಧ ಶತಮಾನ ವೈದ್ಯರು ಇಂಥ ನೆರಳುಗಳನ್ನೇ ನೆಚ್ಚಿಕೊಂಡಿದ್ದರು. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ರೋಗಿಯನ್ನು ಎಚ್ಚರವಾಗಿಟ್ಟೇ ಆಪರೇಷನ್ ಮಾಡುತ್ತಿದ್ದರು. ಮೆದುಳಿಗೆ ನೋವು ಗೊತ್ತಾಗುವುದಿಲ್ಲ. ಸಣ್ಣ ಕರೆಂಟು ಮುಟ್ಟಿಸಿ, ಮಾತು ನಿಂತರೆ ಆ ಜಾಗ ಬಿಟ್ಟು ಮುಂದೆ ಹೋಗುತ್ತಿದ್ದರು.

ಕತ್ತರಿಸಬಾರದ್ದನ್ನು ಕತ್ತರಿಸಿದರೆ ಏನಾಗುತ್ತದೆಂದು ಜಗತ್ತಿಗೆ ತಿಳಿದದ್ದು ಹೆನ್ರಿ ಮೊಲೈಸನ್ ಅವರಿಂದ. ಅಮೆರಿಕದ ಈ ಯುವಕನಿಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ಹಿಡಿಯಲಿಲ್ಲ, ದುಡಿಯಲೂ ಆಗುತ್ತಿರಲಿಲ್ಲ. 1953ರಲ್ಲಿ, 27ನೇ ವಯಸ್ಸಿನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಸರ್ಜನ್ ಅವರ ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಆಮೇಲೆ ಭೇಟಿಯಾದ ಯಾರ ಮುಖವೂ ಅವರ ನೆನಪಿನಲ್ಲಿ ಉಳಿಯಲಿಲ್ಲ. ವರ್ಷಗಟ್ಟಲೆ ಬಂದು ಮಾತಾಡಿಸಿದ ವಿಜ್ಞಾನಿಯೂ ಪ್ರತಿ ಸಲ ಅಪರಿಚಿತರೇ. 2008ರಲ್ಲಿ ತೀರಿಕೊಳ್ಳುವವರೆಗೂ ಹೀಗೇ. 1990ರ ದಶಕದಲ್ಲಿ ಅವರ ಎಂ.ಆರ್.ಐ. ಮಾಡಿದಾಗ, ಸ್ಕೋವಿಲ್ ಸುಮಾರು 8 ಸೆಂಟಿಮೀಟರ್ ತೆಗೆದೆ ಎಂದು ಬರೆದಿದ್ದ ಕಡೆ ಹೋಗಿದ್ದದ್ದು ಸುಮಾರು 5 ಸೆಂಟಿಮೀಟರ್ ಎಂದು ಕಂಡಿತು. ತಾನು ಎಷ್ಟು ಕೊಯ್ದೆ ಎನ್ನುವುದು ಕೊಯ್ದವರಿಗೇ ಸರಿಯಾಗಿ ಗೊತ್ತಿರಲಿಲ್ಲ! ನಾವು ಸ್ಕೋವಿಲ್ ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಆ ಭಾಗದ ಕೆಲಸವೇನೆಂದು ಆಗ ಯಾರಿಗೂ ಸ್ಪಷ್ಟವಿರಲಿಲ್ಲ, ನೋಡಲು ಚಿತ್ರವೂ ಇರಲಿಲ್ಲ.

ಚಿತ್ರ ಬಂದದ್ದು ಆಮೇಲೆ. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಗೆ ಸಿ.ಟಿ. ಸ್ಕ್ಯಾನ್ ಆಯಿತು. ಗಡ್ಡೆ, ರಕ್ತ, ಸುಣ್ಣಗಟ್ಟಿದ ಕಲೆ ಕಂಡವು. ಹಿಪೊಕ್ಯಾಂಪಸ್ ಒಣಗಿ ಗಾಯಗಟ್ಟಿದ್ದು ಚೆನ್ನಾಗಿ ಕಾಣಿಸತೊಡಗಿದ್ದು 1980ರ ದಶಕದ ಎಂ.ಆರ್.ಐ.ಯಲ್ಲಿ. ದೊಡ್ಡವರಲ್ಲಿ ಮಾತ್ರೆಗೆ ಬಗ್ಗದ ಫಿಟ್ಸ್‌ನ ಒಂದು ಮುಖ್ಯ ಮೂಲ ಈ ಗಾಯವೇ. 1990ರಲ್ಲಿ ಸೇಜಿ ಒಗಾವಾ ಇನ್ನೊಂದು ಬಾಗಿಲು ತೆರೆದರು. ಕೆಲಸ ಮಾಡುವ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ಎಂ.ಆರ್.ಐ. ಅದನ್ನು ಹಿಡಿಯಬಲ್ಲದು. ಮೆಷಿನ್ನಿನೊಳಗೆ ಮಲಗಿದವರಿಗೆ ಬೆರಳು ಆಡಿಸಿ, ಮನಸ್ಸಿನಲ್ಲೇ ಪದ ನೆನೆಯಿರಿ ಅನ್ನುತ್ತಾರೆ. ಪೆನ್‌ಫೀಲ್ಡ್ ಬುರುಡೆ ತೆರೆದು ಕೇಳುತ್ತಿದ್ದ ಪ್ರಶ್ನೆಯನ್ನು ಈಗ ಆಪರೇಷನ್ನಿಗೆ ಮೊದಲೇ ಕೇಳಬಹುದು. ಗಾಯ ಎಲ್ಲಿದೆ, ಅದರ ಪಕ್ಕದಲ್ಲಿ ಮಾತು ಇದೆಯೋ, ಕೈಯ ಚಲನೆ ಇದೆಯೋ ಎಂದು ನೋಡಿ ಕೊಯ್ಯುವ ಗೆರೆ ಹಾಕುತ್ತಾರೆ. ಕೆಲವೊಮ್ಮೆ ಗೆರೆ ಹಾಕಲು ಜಾಗವಿಲ್ಲ ಎಂದು ಆಪರೇಷನ್ನನ್ನೇ ಕೈಬಿಡುತ್ತಾರೆ.

ನಮ್ಮ ದೇಶಕ್ಕೆ ಈ ವಿದ್ಯೆ ತಂದವರಲ್ಲಿ ಮೊದಲಿಗರು ಜೇಕಬ್ ಚಾಂಡಿ. ಪೆನ್‌ಫೀಲ್ಡ್ ಹತ್ತಿರ ಕಲಿತು 1949ರಲ್ಲಿ ವೆಲ್ಲೂರಿನಲ್ಲಿ ನರಶಸ್ತ್ರಚಿಕಿತ್ಸೆ ವಿಭಾಗ ಕಟ್ಟಿದರು. ಎಂ.ಆರ್.ಐ. ಬಂದ ಮೇಲೆ, 1990ರ ದಶಕದಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಚಿಕಿತ್ಸೆ ಇದೆ.

ಇದನ್ನು ಓದಿ ಎಲ್ಲರಿಗೂ ಆಪರೇಷನ್ ಬೇಕೆಂದುಕೊಳ್ಳಬೇಡಿ. ಹೆಚ್ಚಿನವರಿಗೆ ಮಾತ್ರೆ ಸಾಕು. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ನಮ್ಮದೇ ಯಳಂದೂರಿನ ಹಳ್ಳಿಗಳಲ್ಲಿ ಕಡಿಮೆ ಬೆಲೆಯ ಹಳೇ ಮಾತ್ರೆಗಳಿಂದಲೇ ಫಿಟ್ಸ್ ಹತೋಟಿಗೆ ತರಬಹುದೆಂದು ತೋರಿಸಿದರು. ಅದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರೆ ಹಿಡಿಯುವುದಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಿ ತಪ್ಪದೆ ತಗೊಂಡರೂ ನಿಲ್ಲದಿದ್ದರೆ, ಮೂರನೆಯದು, ನಾಲ್ಕನೆಯದು ಎಂದು ವರ್ಷ ಕಳೆಯದೆ ದೊಡ್ಡ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಹೋಗಿ.

ಅಲ್ಲಿ ಎಂ.ಆರ್.ಐ. ಮಾಡಿದರೂ ಕೆಲವರಿಗೆ ಏನೂ ಕಾಣುವುದಿಲ್ಲ. ಕಂಡರೂ ಫಿಟ್ಸ್ ಅಲ್ಲಿಂದಲೇ ಏಳುತ್ತಿದೆ ಎಂದು ಖಾತ್ರಿಯಾಗಬೇಕು. ಅದಕ್ಕೆ ತಲೆಗೆ ತಂತಿ ಅಂಟಿಸಿ, ಕ್ಯಾಮೆರಾ ಇಟ್ಟು, ಫಿಟ್ಸ್ ಬರುವುದನ್ನು ದಿನಗಟ್ಟಲೆ ಕಾಯುತ್ತಾರೆ. ಜೊತೆಗೆ ಹೋದವರನ್ನು ಡಾಕ್ಟರು ಕೇಳುವುದು ಜಾಕ್ಸನ್ ಕಾಲದ ಪ್ರಶ್ನೆಯನ್ನೇ. ಮನೆಯವರೊಬ್ಬರು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಂಡಿದ್ದರೆ ತೋರಿಸಬಹುದು: ಮೊದಲು ಅದುರಿದ್ದು ಯಾವ ಕೈ, ಮುಖ ತಿರುಗಿದ್ದು ಯಾವ ಕಡೆಗೆ.