ಮುಖಕ್ಕೊಪ್ಪುವ ಮುಡಿ

‘ಮುಖ ನೋಡಿ ಮಣೆ ಹಾಕು’ ಎಂಬುದು ನಮ್ಮಲ್ಲಿ ಬಹು ಹಿಂದಿನಿಂದ ಬಂದ ಗಾದೆ. ಬಂದವರ ಅಂತಸ್ತನ್ನು ಅಳೆದು ಸತ್ಕರಿಸುವ ಲೋಕರೂಢಿಯನ್ನು ಅದು ಹೇಳುತ್ತದೆ. ಅಲ್ಲಿನ ‘ಮುಖ’ ಹಣೆ, ಮೂಗು, ಗದ್ದಗಳ ಮುಖವಲ್ಲ. ಕುಲ, ಹಣ, ಅಧಿಕಾರಗಳ ಮುಖ. ತಲೆಗೂದಲಿನ ಚರಿತ್ರೆಯನ್ನು ಓದುವಾಗಲೆಲ್ಲ ಈ ಗಾದೆ ನನಗೆ ನೆನಪಾಗುತ್ತದೆ. ಏಕೆಂದರೆ ಶತಮಾನಗಳ ಕಾಲ ಯಾರ ತಲೆಯ ಮೇಲೆ ಎಂತಹ ಮುಡಿಯಿರಬೇಕು ಎಂಬುದನ್ನು ತೀರ್ಮಾನಿಸಿದ್ದು ಅವರವರ ಮುಖವಲ್ಲ, ಸಮಾಜವು ಅವರಿಗೆ ಕೊಟ್ಟ ಸ್ಥಾನ.

ಇಂದು ಕಾಲ ಬದಲಾಗಿದೆ. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ತಾವೇ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಾರೆ. ಕುರ್ಚಿಯಲ್ಲಿ ಕುಳಿತವರನ್ನು ಕನ್ನಡಿಯಲ್ಲಿ ನೋಡಿ, ‘ನಿಮ್ಮದು ದುಂಡು ಮುಖ, ನಿಮ್ಮದು ಕೋಲು ಮುಖ, ನಿಮ್ಮದು ಚೌಕ ಮುಖ’ ಎಂದು ವಿಂಗಡಿಸಿ, ಅದಕ್ಕೆ ಒಪ್ಪುವಂತೆ ಕತ್ತರಿಯಾಡಿಸುತ್ತಾರೆ. ಇದೆಲ್ಲ ಪಶ್ಚಿಮದಿಂದ ಬಂದ ಹೊಸ ವಿದ್ಯೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಮುಖದ ಆಕಾರವನ್ನು ಅಳೆಯುವ ವಿದ್ಯೆ ನಮ್ಮಲ್ಲಿ ಹಳೆಯದೇ. ಆ ವಿದ್ಯೆಯನ್ನು ಬದುಕಿರುವ ಜನ ತಮ್ಮ ತಲೆಗೆ ತಾವೇ ಅನ್ವಯಿಸಿಕೊಳ್ಳುವ ಸ್ವಾತಂತ್ರ್ಯ ಮಾತ್ರ ತೀರ ಹೊಸದು.

ಮೊದಲು ಶಬ್ದಗಳನ್ನು ನೋಡೋಣ. ಒಂದು ಜನಾಂಗವು ಯಾವುದನ್ನು ಸೂಕ್ಷ್ಮವಾಗಿ ಗಮನಿಸಿದೆ ಎಂಬುದಕ್ಕೆ ಅದರ ಶಬ್ದಭಂಡಾರವೇ ಸಾಕ್ಷಿ. ಅಮರಕೋಶದಲ್ಲಿ ಕೂದಲಿಗೆ ಸಂಬಂಧಿಸಿದ ಹೆಸರುಗಳ ಒಂದು ಸಾಲೇ ಇದೆ. ಗುಂಗುರು ಕೂದಲು ಅಲಕ, ಹಣೆಯ ಮೇಲೆ ಇಳಿದ ಕುರುಳು ಭ್ರಮರಕ, ಅಂದರೆ ದುಂಬಿಯಂತಹುದು, ಬಾಲಕರ ಕೆನ್ನೆಯ ಪಕ್ಕಕ್ಕೆ ಇಳಿಬಿಟ್ಟ ಜುಟ್ಟು ಕಾಕಪಕ್ಷ, ಅಂದರೆ ಕಾಗೆಯ ರೆಕ್ಕೆ, ಹೆಣೆದದ್ದು ವೇಣಿ, ಎತ್ತಿ ಕಟ್ಟಿದ್ದು ಧಮ್ಮಿಲ್ಲ. ಕನ್ನಡವೂ ಈ ವಿಷಯದಲ್ಲಿ ಬಡವಲ್ಲ. ಕುರುಳು, ಮುಂಗುರುಳು, ಹೆರಳು, ಜಡೆ, ತುರುಬು, ಮುಡಿ, ಸೋರ್ಮುಡಿ, ಬೈತಲೆ ಎಂಬ ಮಾತುಗಳಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಿದರೆ ಅರ್ಥ ಕೆಡುತ್ತದೆ.

ಇನ್ನು ಅಳತೆಯ ವಿಷಯ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪ್ರತಿಮೆಗಳ ಲಕ್ಷಣವನ್ನು ಹೇಳುವ ಅಧ್ಯಾಯವೊಂದಿದೆ. ಪ್ರತಿಮೆಯ ಮುಖವು ಅದರದೇ ಅಂಗುಲದ ಮಾನದಲ್ಲಿ 12 ಅಂಗುಲ ಅಗಲ ಮತ್ತು ಅಷ್ಟೇ ಉದ್ದವಿರಬೇಕೆಂದು ಅಲ್ಲಿ ಹೇಳಿದೆ. ಜೊತೆಗೇ, ನಗ್ನಜಿತ್ ಎಂಬ ಆಚಾರ್ಯನ ಪ್ರಕಾರ ಉದ್ದ 14 ಅಂಗುಲ, ಅದು ದ್ರಾವಿಡ ಮಾನ ಎಂದೂ ಹೇಳಿದೆ. ಅಂದರೆ ದುಂಡು ಮುಖ, ಕೋಲು ಮುಖಗಳ ಭೇದವನ್ನು ಶಿಲ್ಪಿಗಳು ಸುಮಾರು 1500 ವರ್ಷಗಳ ಹಿಂದೆಯೇ ಅಂಕಿಗಳಲ್ಲಿ ಬರೆದಿಟ್ಟಿದ್ದರು. ಹಣೆ, ಮೂಗು, ಗದ್ದ ಇವು ಒಂದೊಂದೂ ನಾಲ್ಕು ಅಂಗುಲ. ಇಂದಿನ ಪಾರ್ಲರಿನಲ್ಲಿ ಕೂದಲಂಚಿನಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿನ ತುದಿಗೆ, ಅಲ್ಲಿಂದ ಗದ್ದದ ತುದಿಗೆ ಎಂದು ಮುಖವನ್ನು ಮೂರು ಪಾಲು ಮಾಡಿ ನೋಡುವುದೂ ಇದೇ ಲೆಕ್ಕ.

ಈ ಲೆಕ್ಕವು ಕಲ್ಲಿನಲ್ಲಿ ಹೇಗೆ ಅರಳಿತೆಂಬುದನ್ನು ನೋಡಲು ಬೇಲೂರಿಗೆ ಹೋಗಬೇಕು. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ ಅದು. 2023ರಲ್ಲಿ ಹಳೇಬೀಡು, ಸೋಮನಾಥಪುರಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ, ಮದನಿಕೆಯರ ಒಡವೆಗಳನ್ನು ಬಿಟ್ಟು ಮುಡಿಗಳನ್ನಷ್ಟೇ ನೋಡಿ ಟಿಪ್ಪಣಿ ಮಾಡಿಕೊಳ್ಳಿ ಎಂದು ನಾನು ಹೇಳುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕನ್ನಡಿ ಹಿಡಿದ ದರ್ಪಣಸುಂದರಿ ಎಲ್ಲರಿಗೂ ಗೊತ್ತು. ಮಿಂದ ಕೂದಲನ್ನು ಹಿಂಡಿಕೊಳ್ಳುತ್ತಿರುವವಳನ್ನು ಗಮನಿಸುವವರು ಕಡಿಮೆ. ಈ ಹೆಂಗಸರದು ಬಹುಮಟ್ಟಿಗೆ ದುಂಡು ಮುಖ, ತುಂಬಿದ ಕೆನ್ನೆ. ಕೂದಲನ್ನು ಕೆನ್ನೆಗಳ ಮೇಲೆ ಹರಡಿದ್ದರೆ ಮುಖ ಇನ್ನಷ್ಟು ಅಗಲವಾಗಿ ಕಾಣುತ್ತಿತ್ತು. ಶಿಲ್ಪಿ ಹಾಗೆ ಮಾಡಲಿಲ್ಲ. ಹಣೆಯಿಂದ ಕೂದಲನ್ನು ಹಿಂದಕ್ಕೆ ಸೆಳೆದು, ಪಟ್ಟಿಗಳಿಂದ ಬಿಗಿದು, ದೊಡ್ಡ ಮುಡಿಯನ್ನು ಮೇಲಕ್ಕೋ ಪಕ್ಕಕ್ಕೋ ನಿಲ್ಲಿಸಿದ. ಕಣ್ಣು ಮೇಲಕ್ಕೆ ಏರುತ್ತದೆ, ಮುಖ ನೀಳವಾಗುತ್ತದೆ. ದುಂಡು ಮುಖಕ್ಕೆ ನೆತ್ತಿಯ ಮೇಲೆ ಎತ್ತರ ಕೊಡಬೇಕೆಂದು ಈಗಿನ ಕೇಶಶಾಸ್ತ್ರವೂ ಹೇಳುತ್ತದೆ.

ಆದರೆ ಇದು ಕಲ್ಲಿನ ಹೆಣ್ಣಿಗೆ ಶಿಲ್ಪಿ ಕೊಟ್ಟ ಮುಡಿ. ಉಸಿರಾಡುವ ಹೆಣ್ಣಿನ ತಲೆಗೂದಲಿನ ಮಾತೇ ಬೇರೆ. ಅಲ್ಲಿ ಕೂದಲು ಒಂದು ಭಾಷೆಯಾಗಿತ್ತು, ಆ ಭಾಷೆಯಲ್ಲಿ ಮಾತನಾಡುತ್ತಿದ್ದದ್ದು ಸಮಾಜ. ಕಟ್ಟಿದ ಮುಡಿ ಸೌಭಾಗ್ಯ, ಬಿಚ್ಚಿದ ಮುಡಿ ಶೋಕ ಅಥವಾ ಶಪಥ. ದ್ರೌಪದಿಯ ಬಿಚ್ಚಿದ ಮುಡಿಯ ಕತೆಯನ್ನು ಸಂಸ್ಕೃತದಲ್ಲಿ ಭಟ್ಟನಾರಾಯಣನು ‘ವೇಣೀಸಂಹಾರ’ ನಾಟಕವಾಗಿಸಿದ. ನಮ್ಮ ರನ್ನನ ‘ಗದಾಯುದ್ಧ’ವು ಭೀಮನು ಆ ಮುಡಿಯನ್ನು ಕಟ್ಟುವುದರಲ್ಲಿ ಸಾರ್ಥಕವಾಗುತ್ತದೆ. ಗಂಡಸರಿಗೂ ಬಿಡುಗಡೆ ಇರಲಿಲ್ಲ. ಜುಟ್ಟಿನ ಆಕಾರವೇ ಕುಲವನ್ನೂ ಸಂಪ್ರದಾಯವನ್ನೂ ಸಾರುತ್ತಿತ್ತು. ಇದು ನಮ್ಮ ದೇಶದ ಕತೆ ಮಾತ್ರವೂ ಅಲ್ಲ. ಚೀನಾದಲ್ಲಿ 1645ರಲ್ಲಿ ಮಂಚೂ ಅರಸರು ಎಲ್ಲ ಗಂಡಸರೂ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂದು ಆಜ್ಞೆ ಮಾಡಿದರು; ಒಪ್ಪದವರ ತಲೆಯೇ ಹೋಯಿತು. ಆ ರಾಜವಂಶ 1912ರಲ್ಲಿ ಕೊನೆಗೊಳ್ಳುವವರೆಗೂ ಜಡೆ ಉಳಿಯಿತು.

ಈ ಚರಿತ್ರೆಯ ಅತ್ಯಂತ ಕ್ರೂರವಾದ ಪುಟ ವಿಧವೆಯರ ಕೇಶಮುಂಡನ. ಪಂಡಿತಾ ರಮಾಬಾಯಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ಅವರ ತಂದೆ ಕಾರ್ಕಳದ ಬಳಿಯ ಮಾಳ ಗ್ರಾಮದವರು. 1887ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ, ದಖ್ಖನಿನ ಬ್ರಾಹ್ಮಣ ವಿಧವೆಯರ ತಲೆಯನ್ನು ಹದಿನೈದು ದಿನಕ್ಕೊಮ್ಮೆ ಬೋಳಿಸುತ್ತಿದ್ದುದನ್ನು ಅವರು ಲೋಕದ ಮುಂದೆ ಇಟ್ಟರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು ಬಾಲವಿಧವೆಯರಿಗೆ ಆಶ್ರಯ, ವಿದ್ಯೆಗಳನ್ನು ಕೊಟ್ಟರು. ಮರುವರ್ಷ, 1890ರಲ್ಲಿ, ಅದೇ ಮುಂಬಯಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಜ್ಯೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವ ಕೆಲಸ ಮಾಡುವುದಿಲ್ಲವೆಂದು ನಿಶ್ಚಯಿಸಿದರು. ಕತ್ತಿ ಹಿಡಿದ ಕೈಯೇ ‘ಒಲ್ಲೆ’ ಎಂದಿತು. ನಾನು ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದ್ದೇನೆ. ಯುದ್ಧಗಳ ಇಸವಿಗಳ ನಡುವೆ ಇಂತಹ ಇಸವಿಗೂ ಪಠ್ಯದಲ್ಲಿ ಒಂದು ಜಾಗ ಇರಬೇಕಿತ್ತೆಂದು ಅನ್ನಿಸುತ್ತದೆ.

ಆದರೂ ಪದ್ಧತಿ ಒಂದೇ ಸಲಕ್ಕೆ ಹೋಗಲಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ನಿಮ್ಮಲ್ಲಿ ಅನೇಕರು ಓದಿದ್ದೀರಿ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಅದು ಮಲೆನಾಡಿನ ನಿಜಜೀವನವೊಂದನ್ನು ಆಧರಿಸಿದ ಕತೆ. ಅಂಥವರೊಬ್ಬರು ನಮ್ಮ ಮನೆಯಲ್ಲೂ ಇದ್ದರು. ನಮ್ಮ ತಂದೆಯವರ ಸೋದರತ್ತೆ. ನಾವು ಮಕ್ಕಳು ಅವರನ್ನು ಮಡಿಯಜ್ಜಿ ಎಂದು ಕರೆಯುತ್ತಿದ್ದೆವು. ಕೆಂಪು ಸೀರೆಯ ಸೆರಗು ಅವರ ತಲೆಯಿಂದ ಜಾರಿದ್ದನ್ನು ನಾನು ಕಂಡೇ ಇಲ್ಲ. ಮನೆಯ ಬಂಧುಗಳಿಗೆ ಇದು ಗೊತ್ತಿರುವ ಸಂಗತಿ, ಆದರೆ ಎಲ್ಲೂ ಬರೆದಿಟ್ಟದ್ದಲ್ಲ; ಆದ್ದರಿಂದ ಬರೆಯುತ್ತಿದ್ದೇನೆ. ಮನೆಯ ಹೆಣ್ಣುಮಕ್ಕಳಿಗೆಲ್ಲ ಜಡೆ ಹೆಣೆಯುತ್ತಿದ್ದವರು ಅವರೇ. ಮಧ್ಯಾಹ್ನ ಅಡುಗೆ, ಊಟ ಮುಗಿದು ಮಡಿ ಬಿಟ್ಟ ಮೇಲೆ ನಡುಮನೆಯ ಕಂಬಕ್ಕೆ ಒರಗಿ ಕುಳಿತು, ಒಬ್ಬೊಬ್ಬರನ್ನೇ ಮುಂದೆ ಕೂರಿಸಿಕೊಳ್ಳುತ್ತಿದ್ದರು. ಬಾಚುವ ಮೊದಲು ಗದ್ದ ಹಿಡಿದು ಮುಖವನ್ನೊಮ್ಮೆ ತಿರುಗಿಸಿ ನೋಡುತ್ತಿದ್ದರು. “ನಿಂದು ಕೋಲು ಮುಖ ಕಣೇ, ಕಿವಿ ಮೇಲೆ ಒಂಚೂರು ಸಡಿಲ ಇರ್ಲಿ” ಎಂದು ನನಗೆ. “ನಿಂಗೆ ಹಣೆ ಚಿಕ್ಕದು, ಎಳೆದು ಬಾಚಿದರೇ ಲಕ್ಷಣ” ಎಂದು ನನ್ನ ತಂಗಿಗೆ. ಮೊಗ್ಗಿನ ಜಡೆ ಹಾಕುವುದರಲ್ಲಿ ನಮ್ಮ ಬೀದಿಯಲ್ಲೇ ಅವರ ಸಮಾನ ಇರಲಿಲ್ಲ. ಮಲ್ಲಿಗೆಯ ಮೊಗ್ಗುಗಳನ್ನು ಒಂದೇ ಅಳತೆಗೆ ಆರಿಸಿ, ಬಾಳೆಪಟ್ಟೆಗೆ ಹೊಲಿದು, ಜಡೆಗೆ ಕೂರಿಸಿ ಕೊನೆಯಲ್ಲಿ ಕುಚ್ಚು ಕಟ್ಟುವವರೆಗೂ ಅವರದೇ ಕೈ. ಹಸೆಗೆ ಕರೆಯುವ ಹೊತ್ತಿಗೆ ಮಾತ್ರ ಅವರು ಒಳಕೋಣೆಗೆ ಹೋಗಿಬಿಡುತ್ತಿದ್ದರು. ಶುಭಕ್ಕೆ ಅವರು ಎದುರಾಗುವಂತಿರಲಿಲ್ಲ.

ಯಾವ ಮುಖಕ್ಕೆ ಯಾವ ಮುಡಿ ಒಪ್ಪುತ್ತದೆಂದು ಅಷ್ಟು ಚೆನ್ನಾಗಿ ಬಲ್ಲ ಆ ಕೈಗಳು ತಮ್ಮ ತಲೆಗೆಂದು ಬಾಚಣಿಗೆ ಹಿಡಿದದ್ದು ಹನ್ನೊಂದನೆಯ ವಯಸ್ಸಿನವರೆಗೆ ಮಾತ್ರ. ಅವರ ಮುಖಕ್ಕೆ ಎಂತಹ ತುರುಬು ಒಪ್ಪುತ್ತಿತ್ತು ಎಂಬುದು ಯಾರಿಗೂ ತಿಳಿಯದೆ ಹೋಯಿತು.

ಈ ಕಟ್ಟುಗಳು ಸಡಿಲವಾದದ್ದಕ್ಕೆ ಸುಧಾರಕರ ಹೋರಾಟದ ಜೊತೆಗೆ ಕೆಲವು ವಸ್ತುಗಳೂ ಕಾರಣ. ಮೊದಲನೆಯದು ಕನ್ನಡಿ. ದರ್ಪಣಸುಂದರಿಯ ಕಾಲದ ಕನ್ನಡಿ ಉಜ್ಜಿ ಹೊಳಪಿಸಿದ ಲೋಹದ್ದು, ಉಳ್ಳವರ ಸೊತ್ತು. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗಾಜಿಗೆ ಬೆಳ್ಳಿಯ ಲೇಪ ಹಾಕುವ ವಿಧಾನವನ್ನು ಕಂಡುಹಿಡಿದ ಮೇಲೆ ಗಾಜಿನ ಕನ್ನಡಿ ಕ್ರಮೇಣ ಅಗ್ಗವಾಗಿ ಸಂತೆಗೂ ಬಂತು. ಸಾಮಾನ್ಯರು ತಮ್ಮ ಮುಖದ ಆಕಾರವನ್ನು ಸ್ಪಷ್ಟವಾಗಿ ಕಂಡದ್ದು ಆಮೇಲೆಯೇ. ಎರಡನೆಯದು ಅಚ್ಚಿನ ಚಿತ್ರ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಹೊರಬಂದ ಲಕ್ಷ್ಮಿ, ಸರಸ್ವತಿಯರು ನಡುಬೈತಲೆ ತೆಗೆದು ಅಲೆಯಲೆಯಾಗಿ ಕೂದಲು ಬಿಟ್ಟುಕೊಂಡು ಮನೆಮನೆಯ ಗೋಡೆಗೆ ಬಂದರು. ಮೂರನೆಯದು ಇಂಗ್ಲಿಷ್ ವಿದ್ಯಾಭ್ಯಾಸ. ಅದರೊಡನೆ ಬಂದ ಕ್ರಾಪಿಗಾಗಿ ಹುಡುಗರು ಜುಟ್ಟು ತೆಗೆಸಿದಾಗ ಮನೆಗಳಲ್ಲಿ ಆದ ರಂಪವನ್ನು ನಮ್ಮ ತಾತಂದಿರ ಕಾಲದವರು ಕತೆಯಾಗಿ ಹೇಳುತ್ತಿದ್ದರು.

ನಾಲ್ಕನೆಯದು ಸಿನಿಮಾ. ಮುಖದ ಆಕಾರ ನೋಡಿ ಕೂದಲು ಕತ್ತರಿಸುವ ಮಾತನ್ನು ಇಡೀ ಭಾರತಕ್ಕೆ ಕಲಿಸಿದ್ದು 1960ರ ‘ಲವ್ ಇನ್ ಸಿಮ್ಲಾ’ ಎಂಬ ಹಿಂದಿ ಚಿತ್ರ. ನಾಯಕಿ ಸಾಧನಾ ಅವರ ಹಣೆ ಅಗಲವಾಗಿತ್ತು. ನಿರ್ದೇಶಕ ಆರ್. ಕೆ. ನಯ್ಯರ್ ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್ ಅವರ ಮಾದರಿಯಲ್ಲಿ ಮುಂಗೂದಲನ್ನು ಹಣೆಯ ಮೇಲೆ ಇಳಿಬಿಡಿಸಿದರು. ಹಣೆ ಕಿರಿದಾಯಿತು, ಕಣ್ಣು ಎದ್ದು ಕಂಡಿತು, ‘ಸಾಧನಾ ಕಟ್’ ಎಂಬ ಹೆಸರು ಮನೆಮಾತಾಯಿತು. ಅಮರಸಿಂಹನು ಕಂಡಿದ್ದರೆ ಅದನ್ನೂ ಭ್ರಮರಕ ಎಂದೇ ಕರೆಯುತ್ತಿದ್ದನೋ ಏನೋ. ಕನ್ನಡದಲ್ಲಿ 1971ರ ‘ಶರಪಂಜರ’ದ ಹೊತ್ತಿಗೆ ಕಲ್ಪನಾ ಅವರ ಸೀರೆ, ತುರುಬುಗಳನ್ನು ನಮ್ಮೂರಿನ ಅಕ್ಕಂದಿರು ಅನುಕರಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಚಿಕ್ಕ ಮುಖದವರೂ ದೊಡ್ಡ ತುರುಬು ಕಟ್ಟಿ, ಕುತ್ತಿಗೆ ಕಾಣದಂತಾಗಿ ನಗೆಪಾಟಲಾದದ್ದೂ ಉಂಟು. ತಮಗೆ ಒಪ್ಪದ್ದನ್ನು ತಾವೇ ಆರಿಸಿಕೊಳ್ಳುವುದೂ ಒಂದು ಸ್ವಾತಂತ್ರ್ಯವೇ.

ಒಪ್ಪುವುದು ಯಾವುದೆಂದು ಕೇಳುವ ಹುಡುಗಿಯರಿಗೆ ನಾನು ತಿಳಿದಷ್ಟು ಹೇಳುತ್ತೇನೆ. ಕೂದಲನ್ನೆಲ್ಲ ಹಿಂದಕ್ಕೆ ಎತ್ತಿ ಕಟ್ಟಿ ಕನ್ನಡಿಯ ಮುಂದೆ ನಿಲ್ಲಿ. ಮುಖದ ಉದ್ದ ಅಗಲಗಳು ಹೆಚ್ಚುಕಡಿಮೆ ಸಮವಾಗಿದ್ದು ಅಂಚು ದುಂಡಾಗಿದ್ದರೆ ನೆತ್ತಿಗೆ ಎತ್ತರ ಕೊಡಿ, ಬೈತಲೆಯನ್ನು ಪಕ್ಕಕ್ಕೆ ತೆಗೆಯಿರಿ. ಮುಖ ಉದ್ದವಾಗಿದ್ದರೆ ನೆತ್ತಿಯ ಮೇಲೆ ಎತ್ತರ ಬೇಡ. ಕಿವಿಗಳ ಬಳಿ ತುಂಬಿಕೊಳ್ಳಲಿ, ಮುಂಗುರುಳು ಹಣೆಗೆ ಇಳಿಯಲಿ. ದವಡೆ ಅಗಲವಾಗಿದ್ದರೆ ಬಿಗಿಯಾಗಿ ಎಳೆದು ಕಟ್ಟುವುದಕ್ಕಿಂತ ಕೆನ್ನೆಯ ಪಕ್ಕ ಸಡಿಲವಾದ ಎಳೆಗಳು ಚೆನ್ನ. ಹಣೆ ಅಗಲ, ಗದ್ದ ಚೂಪಾಗಿದ್ದರೆ ತುಂಬು ಕೂದಲು ಗದ್ದದ ಮಟ್ಟದಲ್ಲಿರಲಿ, ತುರುಬು ಕತ್ತಿನ ಬಳಿ ಕೆಳಗಿರಲಿ. ‘ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ’ ಎಂಬ ಗಾದೆಯೂ ಇದೆಯಲ್ಲ ಎಂದು ನೀವು ಕೇಳಬಹುದು. ಅದೂ ಸರಿಯೇ, ಮೇಲಿನವು ಸಲಹೆಗಳೇ ಹೊರತು ಶಾಸನಗಳಲ್ಲ. ಕೂದಲಿನ ವಿಷಯದಲ್ಲಿ ಶಾಸನಗಳು ಇದುವರೆಗೆ ಬೇಕಾದಷ್ಟು ಆಗಿವೆ.

ಮೊಮ್ಮಗಳು ಅರ್ಧ ಗಂಟೆ ಕನ್ನಡಿಯ ಮುಂದೆ ನಿಂತಳೆಂದು, ಮೊಮ್ಮಗ ಕೂದಲು ಬೆಳೆಸಿದನೆಂದು ನಮ್ಮ ಓರಗೆಯವರು ಗೊಣಗುವುದನ್ನು ಕೇಳುತ್ತಿರುತ್ತೇನೆ. ಗೊಣಗುವ ಮೊದಲು ನಮ್ಮ ನಮ್ಮ ಮನೆಗಳ ಹಳೆಯ ಭಾವಚಿತ್ರಗಳನ್ನು ಒಮ್ಮೆ ತೆಗೆದು ನೋಡೋಣ. ಸಾಲಾಗಿ ನಿಂತ ಹೆಂಗಸರ ಹಿಂದೆ, ಅಂಚಿನಲ್ಲಿ, ಸೆರಗು ಹೊದ್ದ ಒಂದು ತಲೆ ಇದ್ದರೂ ಇರಬಹುದು. ಅವರು ಯಾರು, ಹೆಸರೇನು ಎಂದು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಆ ಚಿತ್ರವನ್ನು ಮಕ್ಕಳಿಗೂ ತೋರಿಸಿ. ಕನ್ನಡಿಯ ಮುಂದಿನ ಆ ಅರ್ಧ ಗಂಟೆ ಎಷ್ಟು ಕಷ್ಟಪಟ್ಟು ಬಂದದ್ದೆಂಬುದು ಅವರಿಗೂ ತಿಳಿದಿರಲಿ.